ನಿಂತಂತೆ ಕಂಡ ಗರಗಸ

ನಾನು ಚಿಕ್ಕವನಿದ್ದಾಗ ಶ್ರೀನಿವಾಸಪುರದಲ್ಲಿ ಅಪ್ಪನದೊಂದು ಸಾಮಿಲ್ಲು ಇತ್ತು. ಮಾವಿನ ಸುಗ್ಗಿ ಬಂತೆಂದರೆ ಹಣ್ಣು ತುಂಬುವ ಪೆಟ್ಟಿಗೆಗಳಿಗೆ ಹಲಗೆ ಕೊಯ್ಯುವ ಸದ್ದಿಗೆ ಕಿವಿ ತೂತಾಗುತ್ತಿತ್ತು. ಎರಡು ಗುಂಡು ಗರಗಸಗಳು ಒಟ್ಟಿಗೆ ಅರಚುತ್ತಿದ್ದವು. ಒಂದು ನಿಂತರೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅಪ್ಪನ ಕಟ್ಟಪ್ಪಣೆ: ಗರಗಸದ ಹತ್ತಿರ ಕೈ ಹಾಕುವ ಮೊದಲು ಒಂದು ಹಿಡಿ ಮರದ ಹೊಟ್ಟು ಎಸೆಯಬೇಕು. ಹೊಟ್ಟು ಸಿಡಿದರೆ ಕೈ ಹಿಂದಕ್ಕೆ! "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡ್ರೋ," ಎನ್ನುತ್ತಿದ್ದರು. ಮರೆತವರ ಬೆನ್ನಿಗೆ ಹಲಗೆಯೇಟು ಬೀಳುತ್ತಿತ್ತು.

ಆ ವಾರ ಹಳೆ ಬಲ್ಬು ಕಿತ್ತು ಹೊಸ ಟ್ಯೂಬ್‌ಲೈಟು ಹಾಕಿಸಿದ್ದರು. ಮೋಡ ಕವಿದ ಮಧ್ಯಾಹ್ನ. ಅಪ್ಪ ದೊಡ್ಡ ಗರಗಸದಲ್ಲಿ ಹಲಗೆ ಕೊಯ್ಯುತ್ತಿದ್ದರು. ಚಿಕ್ಕದರ ಪಕ್ಕದಲ್ಲಿ ಮರದ ಚೂರೊಂದು ಸಿಕ್ಕಿಕೊಂಡಿತ್ತು. "ನಿಂತದೇನೋ?" ಎಂದು ಅಕ್ಕ ನನ್ನ ಕಿವಿಯಲ್ಲಿ ಕೂಗಿದಳು. ಬಗ್ಗಿ ನೋಡಿದೆ. ಹಲ್ಲುಗಳು ಬಿಡಿಬಿಡಿಯಾಗಿ, ಒಂಚೂರೂ ಅಲುಗಾಡದೆ ಕಂಡವು. ಬೇಕಿದ್ದರೆ ಎಣಿಸಬಹುದಿತ್ತು! ಹೊಟ್ಟು ಎಸೆಯಲು ನನಗೆ ಸೋಮಾರಿತನ. "ನಿಂತದೆ ಅಕ್ಕಾ, ಎತ್ಕೋ," ಎಂದುಬಿಟ್ಟೆ.

ಹಾಳಾದ ಬಾಯಿ! ಮರುಕ್ಷಣವೇ ರಕ್ತ ನನ್ನ ಮುಖಕ್ಕೆ ಚಿಮ್ಮಿತು, ಬಿಸಿಬಿಸಿ, ಉಪ್ಪುಪ್ಪು. ಹೊಟ್ಟಿನ ರಾಶಿಯ ಮೇಲೆ ಅಕ್ಕನ ಎರಡು ಬೆರಳು ಬಿದ್ದಿದ್ದವು. ಅಪ್ಪ ಓಡಿಬಂದು ಪಂಚೆ ಹರಿದು ಕೈಗೆ ಬಿಗಿದರು. "ಹೊಟ್ಟು ಯಾಕೆ ಹಾಕ್ಲಿಲ್ಲ? ನಿಂತದೆ ಅಂತ ಯಾರೇ ಹೇಳಿದ್ದು?" ಎಂದು ಗುಡುಗಿದರು. ಅಕ್ಕ ನನ್ನನ್ನು ನೋಡಿದಳು. "ಯಾರೂ ಇಲ್ಲ. ನಾನೇ ಮರ್ತೋದೆ ಅಪ್ಪಾ," ಎಂದಳು. ಕೋಪಕ್ಕೋ ಸಂಕಟಕ್ಕೋ, ಅಪ್ಪ ಅವಳ ಕೆನ್ನೆಗೆ ಫಟಾರನೆ ಬಾರಿಸಿದರು. ನಾನು ಮುಖದ ರಕ್ತ ಒರೆಸಿಕೊಳ್ಳುತ್ತ ಹಿಂದೆ ಸರಿದೆ.

ಮರುದಿನ ಅಪ್ಪ ಅದೇ ಗರಗಸದ ಮುಂದೆ ನಿಂತರು. ಓಡುವ ಗರಗಸ ಅವರ ಕಣ್ಣಿಗೂ ನಿಂತಂತೆಯೇ ಕಂಡಿತು. ಹೊಟ್ಟು ಎಸೆದರು, ಸಿಡಿಯಿತು. ಹೊಸದಾಗಿ ಬಂದಿದ್ದು ಆ ಬೆಳಕೊಂದೇ. ಹಲಗೆ ಎತ್ತಿ ಟ್ಯೂಬ್‌ಲೈಟನ್ನು ಬಡಿದು ಬಡಿದು ಪುಡಿ ಮಾಡಿದರು. ಮತ್ತೆ ಬಲ್ಬು ಹಾಕಲು ಬಂದ ಎಲೆಕ್ಟ್ರಿಷಿಯನ್ ಹೇಳಿದ: ಆ ಲೈಟು ಕಣ್ಣಿಗೆ ಗೊತ್ತಾಗದಷ್ಟು ಬೇಗ ಆರಿ ಆರಿ ಹತ್ತುತ್ತದೆ. ಹತ್ತಿದಾಗಲೆಲ್ಲ ಒಂದು ಹಲ್ಲಿದ್ದ ಜಾಗಕ್ಕೆ ಸರಿಯಾಗಿ ಇನ್ನೊಂದು ಹಲ್ಲು ಬಂದಿದ್ದರೆ, ಗರಗಸ ನಿಂತಿದೆ ಅಂತಲೇ ಕಣ್ಣು ನಂಬುತ್ತದೆ.

ಈಗ ಮೊಮ್ಮಕ್ಕಳೇ, ನಿಮ್ಮ ಮೊಬೈಲು ವಿಡಿಯೊದಲ್ಲಿ ಫ್ಯಾನಿನ ರೆಕ್ಕೆ ನಿಂತಂತೆ, ಹಿಂದಕ್ಕೆ ತಿರುಗಿದಂತೆ ಕಂಡರೆ ಬಿದ್ದು ಬಿದ್ದು ನಗುತ್ತೀರಿ. ಅದೂ ಇದೇ ಮೋಸ ಕಣ್ರೋ. ವಿಡಿಯೊ ಎಂದರೆ ಬಿಡಿ ಬಿಡಿ ಚಿತ್ರಗಳು, ಪೋಣಿಸಿಕೊಳ್ಳುವುದು ನಮ್ಮ ಕಣ್ಣು. ನಿಮಗದು ಆಟ. ಮೂರು ಬೆರಳಿನ ಕೈಯಲ್ಲಿ ಫೋನು ಹಿಡಿದು ನಿಮ್ಮ ಜೊತೆ ನಗುತ್ತಾಳಲ್ಲ ದೊಡ್ಡಜ್ಜಿ, ಅವಳೇ ಆ ಅಕ್ಕ. "ನಾನೇ ಮರೆತೆ" ಎಂದು ನಿಮಗೂ ಹೇಳಿದ್ದಾಳೆ. ಸುಳ್ಳು. ನಿಂತದೆ ಅಂದವನು ನಾನು.