ಸ್ಪ್ಯಾಮ್ ತೆಗೀರಿ

ರಾಂಜಣಗಾಂವದ ಕಾರ್ಖಾನೆಗಳಿಂದ ಆರ್ಡರಿನ ಮೇಲ್ ಬರುವುದು ನಿಂತಾಗ ಶಿವಾಜಿನಗರದ ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ನಾನೇ. ಮರಾಠಿ ನಾಡಿಗೆ ಬಂದು ನೆಲೆಸಿದ ಕನ್ನಡದವರು ನಾವು; ನಮ್ಮದು ರಟ್ಟಿನ ಡಬ್ಬಿಗಳ ವ್ಯಾಪಾರ. ಕಂಪನಿಯ ಹೆಸರಿನಲ್ಲಿ ನನಗೊಂದು, ಮಗಳಿಗೊಂದು ವಿಳಾಸ. ಬಾಡಿಗೆಗೆ ಹಿಡಿದ ಸರ್ವರ್‌ಗೆ ಬಂದ ಮೇಲ್ ಅಲ್ಲಿಂದ ನಮ್ಮ ನಮ್ಮ ಖಾಸಗಿ ಮೇಲ್‌ಗೆ ತಾನಾಗಿಯೇ ಫಾರ್ವರ್ಡ್ ಆಗುತ್ತದೆ. ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ಆದರೂ ದಿನಾ ಬಂದು ವ್ಯವಹಾರ ನೋಡಿಕೊಳ್ಳುತ್ತಾಳೆ.

ಒಂದು ಶನಿವಾರ ಮಗರಪಟ್ಟಾದಿಂದ ಅಳಿಯನ ಆಫೀಸಿನವರೊಬ್ಬರು ಬಂದರು. ಮೈಸೂರು ಕಡೆಯ ಹೆಣ್ಣುಮಗಳು, ಇಂಥ ರಿಪೇರಿಯಲ್ಲಿ ಪಳಗಿದವರು. ನನ್ನ ಕಂಪ್ಯೂಟರಿನ ಮುಂದೆ ಕೂತು, ಸರ್ವರ್ ಕೆಟ್ಟಿಲ್ಲ, ಯಾರೋ ಫಾರ್ವರ್ಡ್ ಆಗಿ ಬಂದದ್ದನ್ನೆಲ್ಲ ಮೇಲಿಂದ ಮೇಲೆ ಸ್ಪ್ಯಾಮ್ ಎಂದು ಒತ್ತಿದ್ದಾರೆ ಎಂದರು. ಆ ದೂರು ಕಳಿಸಿದವರ ತಲೆಗೆ ಹೋಗದೆ, ಮೇಲ್ ತಂದುಕೊಟ್ಟ ನಮ್ಮ ಸರ್ವರಿನ ತಲೆಗೇ ಬಂದಿತ್ತಂತೆ. ಈಗ ಅದು ಮಗಳಿಗೆ ಆರ್ಡರ್ ತಂದರೂ ಆ ಖಾಸಗಿ ಮೇಲ್ ನಡೆಸುವವರು ಬಾಗಿಲಲ್ಲೇ ತಡೆಯುತ್ತಿದ್ದರಂತೆ.

ಒತ್ತಿದವನು ನಾನು. ಹೆಂಡತಿ ತೀರಿಕೊಂಡ ಮೇಲೆ, ಊಟಕ್ಕೆ ಕೂತಾಗ ಎದುರಿಗೆ ಯಾರಾದರೂ ಇರಲಿ ಎನ್ನಿಸಿ, ಮರುಮದುವೆಯ ಒಂದು ತಾಣದಲ್ಲಿ ಹೆಸರು ಕೊಟ್ಟಿದ್ದೆ. ವಿಳಾಸ ಕೇಳಿದಾಗ ಬಾಯಿಪಾಠ ಇದ್ದದ್ದು ಕಂಪನಿಯದೇ. ದಿನಾ ಯಾರ್ಯಾರದೋ ಫೋಟೊ ಬರತೊಡಗಿತು. ಓದುತ್ತಿದ್ದೆ, ಸುಳ್ಳೇಕೆ. ಮಗಳ ಚಪ್ಪಲಿ ಸದ್ದು ಕೇಳಿದರೆ ಮಾತ್ರ ಸ್ಪ್ಯಾಮ್ ಒತ್ತಿ ಮಾಯ ಮಾಡುತ್ತಿದ್ದೆ. ಅಜ್ಜನಾಗುವ ವಯಸ್ಸಿನಲ್ಲಿ ಅಪ್ಪ ವಧು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾದರೆ ನನ್ನ ಮುಖ ಎಲ್ಲಿಡಲಿ?

ಮಗಳು ಚಹಾ ಹೇಳಲು ಕೆಳಗೆ ಹೋಗಿದ್ದಳು. ಅವಳು ಬರುವುದರೊಳಗೆ ಎಲ್ಲ ಅಳಿಸಿಹೋಗಲಿ ಎಂದು ಅವಸರ ಮಾಡಿದೆ.

"ಆ ಸ್ಪ್ಯಾಮ್ ಎಲ್ಲಾ ಮೊದಲ ತೆಗೀರಿ. ಲಗೂ ತೆಗೀರಿ."

ಕಸ ತೆಗೆಯುವುದು ನನ್ನ ತಲೆಯಲ್ಲಿತ್ತು. ಅವರಿಗೆ ಬಾಗಿಲು ತೆಗೆ ಎಂದಂತೆ ಕೇಳಿಸಿತು. ತೆಗೆದೇ ಬಿಟ್ಟರು.

ಪರದೆಯ ತುಂಬ ಹೆಂಗಸರು. ವಿಧವೆ, ವಿಚ್ಛೇದಿತೆ, ಸೋಲಾಪುರದವರು, ಸಾಂಗಲಿಯವರು, ಅಡುಗೆಯಲ್ಲಿ ಆಸಕ್ತಿ ಇರುವವರು. ಅಷ್ಟರಲ್ಲಿ ಮಗಳು ಬಂದು ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. ಇದು ಯಾರೋ ಕಳಿಸಿದ ಹಾಳು ಮೇಲ್ ಎಂದು ಗೊಣಗಿದೆ, ಮರಾಠಿಯಲ್ಲಿ. ಮನೆಯವರೆದುರು ನಾನು ಮರಾಠಿ ಮಾತಾಡಿದರೆ ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

"ಇವು ಸ್ಪ್ಯಾಮ್ ಅಲ್ಲ ಸರ್, ನೀವೇ ಕೇಳಿಕೊಂಡಿರೋ ಮೇಲ್‌ಗಳು," ಎಂದರು ಆ ಹೆಣ್ಣುಮಗಳು, ಪಾಪ, ಏನೂ ತಿಳಿಯದೆ. "ಒಂದೊಂದಕ್ಕೂ 'ಸ್ಪ್ಯಾಮ್ ಅಲ್ಲ' ಅಂತ ಒತ್ತಿ. ಆಗ ಸರ್ವರ್ ಮೇಲೆ ಮತ್ತೆ ನಂಬಿಕೆ ಬರುತ್ತೆ."

ಉಳಿದದ್ದನ್ನು ಆಮೇಲೆ ಫೋನಿನಲ್ಲಿ ಹೇಳುತ್ತೇನೆಂದು, ಚಹಾ ಕುಡಿದು ಅವರು ಹೊರಟರು. ನಾನು ಮೌಸ್ ಹಿಡಿದೆ. ಗಡಿಬಿಡಿಯಲ್ಲಿ ಎಲ್ಲೆಲ್ಲೋ ಒತ್ತಿದೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮಗಳು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತು, ಮೌಸನ್ನು ಮೆಲ್ಲಗೆ ತನ್ನ ಕಡೆ ತೆಗೆದುಕೊಂಡಳು. ಸ್ಪ್ಯಾಮ್ ಅಲ್ಲ, ಸ್ಪ್ಯಾಮ್ ಅಲ್ಲ ಎಂದು ಒಂದೊಂದಾಗಿ ಒತ್ತುತ್ತಾ ಹೋದಳು. ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಕೊನೆಗೆ ಒಂದು ಉಳಿಯಿತು. ತಾಣ ಕಳಿಸಿದ್ದಲ್ಲ, ಧಾರವಾಡದ ಒಬ್ಬರು ನನ್ನ ಹೆಸರು ಹಾಕಿ ತಾವೇ ಬರೆದದ್ದು. ನಾನದನ್ನು ಓದೇ ಇರಲಿಲ್ಲ. ಮಗಳ ಬೆರಳು ನಿಂತಿತು.

"ಇದನ್ನ ತೆಗೀಲೇನಪ್ಪಾ?" ಎಂದಳು.

ಯಾವ ತೆಗೆಯುವುದು ಎಂದು ಕೇಳಲು ನಾಚಿಕೆಯಾಯಿತು. ಹೂಂ ಎಂದೆ.

ಅವಳು ತೆರೆದಳು.