ಗೆರೆ ನೋಡು ಮಾರಾಯ

ಬೆಂಗಳೂರಿನ ಪೀಣ್ಯದಲ್ಲೇ ಹುಟ್ಟಿ ಬೆಳೆದವನು ನಾನು. ನಾನು ಕಂಡ ಸಮುದ್ರ ಅಂದ್ರೆ ನೀರಿನ ಟ್ಯಾಂಕರ್. ಅಂಥವನು ಹೊಟ್ಟೆಪಾಡಿಗೆ ಮೀನುಗಾರರ ಬೋಟಿನ ಗೇರ್‌ಬಾಕ್ಸ್ ರಿಪೇರಿಗೆ ಇಳಿದಿದ್ದೆ. ಮಲ್ಪೆಯಿಂದ ಲಾರಿಯಲ್ಲಿ ನನ್ನ ಶೆಡ್ಡಿಗೆ ಬರೋದು, ಬಿಚ್ಚಿ ಸರಿಮಾಡಿ ಕಳಿಸೋದು. ಒಂದು ಮಾತ್ರ ಮೂರು ಸಲ ವಾಪಸ್ ಬಂತು. ಆ ಬೋಟಿನ ಮಾಲೀಕರು, ತಾವೇ ನಡೆಸೋ ಹಿರಿಯರು, ಅವರ ಕಡೆ ತಾಂಡೇಲ ಅಂತಾರೆ, ಫೋನ್ ಮಾಡಿ, ದಡದಲ್ಲಿ ಏನೂ ಆಗಲ್ಲ, ಎರಡು ದಿನ ಓಡಿದ ಮೇಲೇ ಬಿಸಿಯಾಗೋದು, ನೀನೇ ಬಂದು ನೋಡು ಅಂದ್ರು. ದೊಡ್ಡ ಗಂಡಸಿನ ಥರ ಹೊರಟುಬಿಟ್ಟೆ.

ಅಯ್ಯಪ್ಪಾ, ಆ ವಾಂತಿ ಶತ್ರುವಿಗೂ ಬೇಡ. ಇಂಜಿನ್ ಪಕ್ಕ ಬಗ್ಗಿ ಕೂತಿದ್ದೆ. ಡೀಸೆಲ್ ವಾಸನೆ, ಶಾಖ, ಮೇಲೆ ಕೆಳಗೆ ತೂಗಾಟ. ಕರುಳೇ ಕಿತ್ತು ಬಾಯಿಗೆ ಬಂದಂಗಾಯ್ತು. ಮೇಲಿಂದ ತಾಂಡೇಲರು ಕೂಗಿದ್ರು, "ಗೆರೆ ನೋಡು ಮಾರಾಯ, ಗೆರೆ!"

ನಮ್ಮ ಶೆಡ್ಡಲ್ಲಿ ಗೆರೆ ನೋಡೋದು ಅಂದ್ರೆ ಆಯಿಲ್ ಕಡ್ಡಿ ಎಳೆದು ಅದರ ಮೇಲಿನ ಗುರುತು ನೋಡೋದು. ಸಾಯ್ತಾ ಇರೋನಿಗೂ ಕೆಲಸ ಹೇಳ್ತಾರಲ್ಲ ಅಂತ ಬೈಕೊಂಡು ಇನ್ನೂ ಬಗ್ಗಿದೆ, ಕಡ್ಡಿ ಎಳೆದೆ, ಒರೆಸಿದೆ, ಮತ್ತೆ ಅದ್ದಿ ನೋಡಿದೆ, ಅಲ್ಲೇ ಇನ್ನೊಂದು ಸಲ ಕಕ್ಕಿದೆ. ಆಮೇಲೆ ಕೂಗಿ ಹೇಳಿದೆ, "ಗೆರೆ ಸರಿಯಾಗೇ ಐತೆ ಸಾರ್!"

ಬೋಟಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ತಾಂಡೇಲರು ನನ್ನ ರೆಟ್ಟೆ ಹಿಡಿದು ಮೇಲಕ್ಕೆಳೆದು, ಬೋಟಿನ ಮಧ್ಯದಲ್ಲಿ ಕೂರಿಸಿ, ದೂರಕ್ಕೆ ಕೈ ತೋರಿಸಿದ್ರು. ನೀರು ಆಕಾಶ ಕೂಡೋ ಕಡೆ ಒಂದು ಗೆರೆ. ಬೋಟ್ ಎಷ್ಟೇ ಕುಣಿದರೂ ಅದು ಅಲುಗಾಡಲ್ಲ, ಕಣ್ಣು ಅಲ್ಲಿಟ್ಟರೆ ಹೊಟ್ಟೆ ತಾನಾಗೇ ಕೂರುತ್ತೆ ಅಂದ್ರು. ಟೀ ಮುಟ್ಟಬೇಡ ಅಂದ್ರು, ಖಾಲಿ ಹೊಟ್ಟೆಯಲ್ಲೂ ಇರಬೇಡ ಅಂದ್ರು. ಒಣ ಅವಲಕ್ಕಿ, ಶುಂಠಿ ಚೂರು ಕೈಗೆ ಕೊಟ್ಟರು. ಮೂರನೇ ದಿನ ಅವರ ಪಕ್ಕದಲ್ಲೇ ಕೂತು ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡೆ. ಗೇರ್‌ಬಾಕ್ಸಿನ ತೊಂದರೆಯೂ ಸಿಕ್ತು.

ಆಮೇಲೆ ನಾಲ್ಕು ವರ್ಷ, ಮಳೆಗಾಲದ ರಜೆ ಮುಗಿದು ಬೋಟ್ ಹೊರಟಾಗೆಲ್ಲ ಏನಾದ್ರೂ ನೆಪ ಮಾಡಿಕೊಂಡು ಹೋದೆ. ಪ್ರತಿ ಸಲವೂ ಮೊದಲ ದಿನ ವಾಂತಿ ತಪ್ಪಲಿಲ್ಲ. ಪ್ರತಿ ಸಲವೂ ಹೋಗಬೇಕು ಅನ್ನಿಸೋದೂ ತಪ್ಪಲಿಲ್ಲ. ಎರಡು ವರ್ಷದ ಹಿಂದೆ ಅವರೇ ಫೋನ್ ಮಾಡಿ ಕರೆದ್ರು. ಬೋಟ್ ಮಾರ್ತಾ ಇದ್ದೇನೆ, ಮೀನಿಗಲ್ಲ, ಕೊನೇ ಸಲ ಸುಮ್ಮನೆ ಹೋಗಿ ಬರುವ ಅಂದ್ರು. ನಾನು, ಆರ್ಡರ್ ತುಂಬಾ ಇದೆ, ಮುಂದಿನ ತಿಂಗಳು ಬರ್ತೀನಿ ಅಂದೆ. ನನ್ನ ಬಾಯಿಗೆ ಬೆಂಕಿ ಹಾಕ. ಮುಂದಿನ ತಿಂಗಳಿಗೆ ಬೋಟ್ ಇರಲಿಲ್ಲ. ನಾನಿಲ್ಲದೆ ಅವರೂ ಹೋಗಿರಲಿಲ್ಲ. ಕೊಂಡವನು ಹೊಸ ಗೇರ್‌ಬಾಕ್ಸ್ ಹಾಕಿಸಿದ. ಹಳೇದು ನನ್ನ ಶೆಡ್ಡಿಗೇ ಬಂತು.

ಹೋದ ತಿಂಗಳು ತಾಂಡೇಲರು ನಮ್ಮೂರ ಇನ್ನೊಂದು ತುದಿ ಕಾಡುಗೋಡಿಯ ಮಗಳ ಮನೆಗೆ ಬಂದಿದ್ರು. ಗೇರ್‌ಬಾಕ್ಸ್ ನೋಡಬೇಕು ಅಂದ್ರು. ಮೆಟ್ರೋದಲ್ಲಿ ಕರ್ಕೊಂಡು ಬಂದೆ. ಬೆನ್ನಿಗೆ ಬೆನ್ನು ತಾಗೋ ರಶ್ಶು. ಸ್ವಲ್ಪ ಹೊತ್ತಿಗೆ ಅವರ ಮುಖ ಬಿಳಿಚಿಕೊಳ್ತು, ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದ್ರು. ಐವತ್ತು ವರ್ಷ ಕಡಲಲ್ಲಿದ್ದವರಿಗೆ ನಮ್ಮೂರ ರೈಲಲ್ಲಿ ವಾಕರಿಕೆ! ಬಾಯಿಂದ ತಾನಾಗೇ ಬಂತು: "ಗೆರೆ ನೋಡಿ."

ಕಿಟಕಿಯಾಚೆ ನೋಡಿದ್ರು. ಅಪಾರ್ಟ್‌ಮೆಂಟು, ಗಾಜಿನ ಆಫೀಸು, ಮತ್ತೆ ಅಪಾರ್ಟ್‌ಮೆಂಟು. ನಾನೂ ಹುಡುಕಿದೆ. ಏನೂ ಸಿಗಲಿಲ್ಲ. ಪೀಣ್ಯದವರೆಗೂ ಅವರು ಕೈ ಬಿಡಲಿಲ್ಲ.

ಶೆಡ್ಡಲ್ಲಿ ಗೇರ್‌ಬಾಕ್ಸ್ ಮೂಲೆಯಲ್ಲಿತ್ತು. ಮಾರೋಕೆ ನನಗೆ ಮನಸ್ಸೇ ಬಂದಿರಲಿಲ್ಲ. ತಾಂಡೇಲರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಆಯಿಲ್ ಕಡ್ಡಿ ಎಳೆದು, ಪಂಚೆ ಅಂಚಲ್ಲಿ ಒರೆಸಿ, ಬೆಳಕಿಗೆ ಹಿಡಿದ್ರು. ನಗ್ತಾರೆ ಅಂತ ಕಾದೆ. ನಗಲಿಲ್ಲ.

"ನಿನ್ನ ಊರಲ್ಲಿ ಇದೊಂದೇ ಗೆರೆಯಾ ಮಾರಾಯ?" ಅಂದ್ರು.