ಗಿರಿಜಕ್ಕನಿಗೆ ಬರೆದುಕೊಟ್ಟ ಮುಂಬೈ ಖರ್ಚಿನ ಚೀಟಿ

ಗಿರಿಜಕ್ಕ, ಆರು ವರ್ಷದ ಹಿಂದೆ ನಾನು ನಿನಗೆ ಕೊಟ್ಟ ಚೀಟಿ ಸುಳ್ಳು. ಮುಂಬೈಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಎರಡು ಸಾವಿರದ ಎಂಟುನೂರು ರೂಪಾಯಿ ಬೇಕಾಗಿರಲಿಲ್ಲ. ಸಾವಿರದ ಇನ್ನೂರು ಸಾಕಿತ್ತು. ಅದು ಬರೆಯುವಾಗಲೇ ನನಗೆ ಗೊತ್ತಿತ್ತು. ನೀನು ಬರಬಾರದೆಂದೇ ಹಾಗೆ ಬರೆದೆ.

ದೊಡ್ಡಪ್ಪನ ಮಗಳು ನೀನು, ಚಿಕ್ಕಪ್ಪನ ಮಕ್ಕಳು ಸುಮಾ, ಲತಾ, ಜೊತೆಗೆ ನಾನು — ನಾಲ್ವರೂ ನಾಲ್ಕು ದಿನ ಹೋಗಿ ಬರುವುದೆಂದು ಮಾತಾಗಿತ್ತು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಹೇಳುವವಳೆಂದು ದಿನದ ಖರ್ಚು ಅಂದಾಜು ಮಾಡುವ ಕೆಲಸ ನನಗೆ ಬಿತ್ತು. ರೂಮಿನ ಬಾಡಿಗೆ, ಲೋಕಲ್ ರೈಲು, ತಿಂಡಿ, ಎರಡು ಊಟ — ನಾಲ್ಕು ಪಾಲು ಮಾಡಿ ಮೊದಲ ಚೀಟಿ ಬರೆದೆ. ಅದು ಸರಿಯಾಗಿತ್ತು. ಆಮೇಲೆ, ರೂಮಿನಲ್ಲಿ ಎರಡೇ ಮಂಚ ಎಂಬುದು ಕಣ್ಣಿಗೆ ಬಿತ್ತು. ಅಕ್ಕತಂಗಿಯರು ಒಂದರಲ್ಲಿ ಮಲಗುತ್ತಾರೆ. ಇನ್ನೊಂದರಲ್ಲಿ ನಾನು, ನೀನು —

ನಿನ್ನ ವಾಸನೆ. ಬರೆದುಬಿಟ್ಟೆ. ಶಿಡ್ಲಘಟ್ಟದ ಫಿಲೇಚರಿನಲ್ಲಿ ದಿನವಿಡೀ ಬಿಸಿನೀರಿಗೆ ಕೈಹಾಕಿ ಬೆಂದ ರೇಷ್ಮೆಗೂಡುಗಳಿಂದ ನೂಲು ತೆಗೆಯುತ್ತಿದ್ದ ನಿನ್ನ ಕೂದಲಲ್ಲಿ, ಸೆರಗಿನಲ್ಲಿ, ಸತ್ತ ಹುಳದ ವಾಸನೆ. ನೀನೇ ಅದನ್ನು ಹೇಳಿಕೊಂಡು ನಗುತ್ತಿದ್ದೆ: "ನಮ್ಮನೆ ಬೆಕ್ಕು ನನ್ನ ಹಿಂದೆಹಿಂದೇನೇ ಬರುತ್ತೆ ಕಣೇ, ನನ್ನ ಸೆಂಟು ಹಂಗಿದೆ!" ನಾನೂ ನಗುತ್ತಿದ್ದೆ. ಚಿಂತಾಮಣಿಯ ಮದುವೆಯಲ್ಲಿ ನಿನ್ನ ಪಕ್ಕದ ಎಲೆಗೆ ಕೂತಾಗ ಉಸಿರು ಬಿಗಿಹಿಡಿದು ಊಟ ಮುಗಿಸಿದ್ದೆ — ಮೈಮೇಲೆ ರೇಷ್ಮೆ ಸೀರೆ ಉಟ್ಟುಕೊಂಡೇ. ಈಗ ಅದನ್ನು ನೆನೆದರೆ ವಾಕರಿಕೆ ಬರುವುದು ನನ್ನ ಮೇಲೆ.

ಸುಮಾಳೂ ಒಮ್ಮೆ ಮೂಗು ಮುರಿದಿದ್ದಳೆಂದು ಬಹಳ ಕಾಲ ನಂಬಿದ್ದೆ. ಕೆದಕಿ ನೋಡಿದರೆ ಅಂಥ ದಿನವೇ ಸಿಗುವುದಿಲ್ಲ. ತಪ್ಪಿಗೆ ಜೊತೆ ಬೇಕೆಂದು ನನ್ನ ನೆನಪು ಅವಳನ್ನು ಎಳೆದುತಂದಿರಬೇಕು.

ಎರಡನೆಯ ಚೀಟಿಯಲ್ಲಿ ಲೋಕಲ್ ರೈಲನ್ನು ಟ್ಯಾಕ್ಸಿ ಮಾಡಿದೆ, ಸಾದಾ ರೂಮನ್ನು ಏಸಿ ಮಾಡಿದೆ. 'ಇತರೆ' ಎಂದು ಒಂದು ಸಾಲು — ಏನು ಇತರೆ? ದುಂಡಗೆ ಬರೆದು ನಿನ್ನ ಮನೆಗೇ ತಂದುಕೊಟ್ಟೆ. ನೀರಿನಲ್ಲಿ ನೆನೆದು ಬಿಳುಚಿದ್ದ ನಿನ್ನ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ನೀನು ಎರಡು ಸಲ ಓದಿದೆ.

"ಮಧ್ಯಾಹ್ನದ ಊಟ ಬಿಟ್ರೆ ಎಷ್ಟಾಗುತ್ತಮ್ಮ? ಹುರಿಹಿಟ್ಟು ತರ್ತೀನಿ. ನಂಗೇನು ಊರು ನೋಡೋ ಆಸೆ ಇಲ್ಲ ಕಣೇ. ನಾಲ್ಕು ದಿನ ಕೈ ನೀರಿಗೆ ಹಾಕ್ದಂಗೆ ಇರ್ಬೇಕು, ಅಷ್ಟೇ."

"ಹಂಗೆಲ್ಲ ಆಗಲ್ಲಕ್ಕ. ಹೋದ್ಮೇಲೆ ಎಲ್ಲಾರೂ ಒಂದೇ ಥರ ಇರ್ಬೇಕು."

ನನ್ನ ನೆನಪುಗಳಲ್ಲಿ ಈ ಮಾತೊಂದನ್ನು ನಾನು ಅನುಮಾನಿಸಲಾರೆ. ನೀನು ಚೀಟಿ ಮಡಿಸಿ ವಾಪಸು ಕೊಟ್ಟೆ. "ಹೋಗ್ಬನ್ನಿ. ಆ ಹುಡುಗೀರಿಗೆ ಏನೂ ತಿಳಿಯಲ್ಲ, ನೀನೇ ಹುಷಾರಾಗಿ ನೋಡ್ಕೊಳಮ್ಮ."

ಅವರಿಬ್ಬರಿಗೆ, ನಿನಗೆ ರಜೆ ಸಿಗಲಿಲ್ಲ ಎಂದೆ. ಬಾಡಿಗೆ ಮೂರೇ ಪಾಲಾಗಿ ನನ್ನ ಖರ್ಚು ಹೆಚ್ಚಿತು. ನೀನಿಲ್ಲದ ಹಾಸಿಗೆಗೆಂದು ಖುಷಿಯಿಂದಲೇ ಕೊಟ್ಟೆ. ಚೆನ್ನಾಗಿ ನಿದ್ದೆ ಬಂತು. ಅದನ್ನೂ ಹೇಳಬೇಕು — ಬಂತು.

ಹೋದ ವಾರ ನೀನು ಫೋನು ಮಾಡಿದೆ. ನಿನ್ನ ಮಗಳು ಗೆಳತಿಯರ ಜೊತೆ ದೆಹಲಿಗೆ ಹೊರಟಿದ್ದಾಳೆ ಎಂದೆ. "ದಿನಕ್ಕೆ ಎಷ್ಟು ಬೇಕಾಗುತ್ತೆ ಅಂತ ನೀನೇ ಒಂದು ಚೀಟಿ ಬರ್ಕೊಡಮ್ಮ. ಅವಳು ಫೋನಲ್ಲಿ ಏನೇನೋ ತೋರಿಸ್ತಾಳೆ, ನಂಗೆ ಅದರ ಮೇಲೆ ನಂಬ್ಕೆ ಇಲ್ಲ."

"ಆಯ್ತಕ್ಕ" ಅಂದೆ. ಎಷ್ಟು ಸಲೀಸಾಗಿ ಅಂದೆ! ನಾಲಿಗೆ ತಡವರಿಸಲೂ ಇಲ್ಲ.

ಈ ಭಾನುವಾರ ಶಿಡ್ಲಘಟ್ಟಕ್ಕೆ ಬರುತ್ತೇನೆ. ಹೂವು, ಹಣ್ಣು, ಸೀರೆ ಏನೂ ತರುವುದಿಲ್ಲ. ತಂದರೆ ನೀನು ಒಳಗೆ ಕರೆದು ಕಾಫಿಗೆ ಇಡುತ್ತೀಯ, ನಾನು ಕುಡಿದು, ಮಗಳ ವಿಚಾರ ಮಾತಾಡಿ, ಹೇಳದೆ ಎದ್ದು ಬರುತ್ತೇನೆ — ನನ್ನನ್ನು ನಾನು ಬಲ್ಲೆ. ಹೊಸ್ತಿಲ ಆಚೆಯೇ ನಿಂತು ಇದಿಷ್ಟನ್ನೂ ನಿನಗೆ ಓದಿ ಹೇಳುತ್ತೇನೆ. ವಾಸನೆಯ ಮಾತು ಬಂದಾಗಲೂ ಹಾರಿಸುವುದಿಲ್ಲ.